ಹೊಳೆ ಏರಿದ ಮೇಲೆ
ದೂರದ ನೌಕೆಗಳೊಳಗಿನ ಕಂಪ್ಯೂಟರಿನ ಕುರಿತು ಹೊರನಾಡಿನಲ್ಲಿ ನೀಡಿದ ದತ್ತಿ ಉಪನ್ಯಾಸ



ಒಂದು ಕುಟುಂಬ ತಾಯಿಯ ನೆನಪಿಗೆ ಇಟ್ಟ ದತ್ತಿ ಇದು. ಮಾತು ವಿಜ್ಞಾನದ್ದಿರಬೇಕು, ಕನ್ನಡದಲ್ಲಿರಬೇಕು, ಒಲೆಯ ಮುಂದೆ ಕೂತವರಿಗೂ ತಿಳಿಯಬೇಕು ಎಂಬುದು ಇದರ ಕರಾರು ಎಂದು ನನ್ನನ್ನು ಕರೆಯಲು ಬಂದವರು ಹೇಳಿದರು. ಮೂವತ್ತು ವರ್ಷ ಈ ಜಿಲ್ಲೆಯ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನಿಗೆ ಇದಕ್ಕಿಂತ ಒಳ್ಳೆಯ ಕರಾರು ಸಿಗಲಾರದು. ಅದಕ್ಕೆ ತಕ್ಕಂತೆ, ಅಂತರಿಕ್ಷಕ್ಕೆ ಹೋಗುವ ಮೊದಲು ನಮ್ಮ ಹೊಳೆಯಿಂದ ಶುರು ಮಾಡುತ್ತೇನೆ.

ಭದ್ರೆ ಏರಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಕುದುರೆಮುಖದ ಮೇಲೆ ಎರಡು ದಿನ ಬಿಡದೆ ಹೊಡೆದರೆ ಹೆಬ್ಬಾಳೆ ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತದೆ. ಕಳಸ–ಹೊರನಾಡು ರಸ್ತೆ ನಿಲ್ಲುತ್ತದೆ. ಈಚೆ ದಡದವರು ಈಚೆಗೆ, ಆಚೆ ದಡದವರು ಆಚೆಗೆ. ಕರೆಂಟು ಅದಕ್ಕೂ ಮೊದಲೇ ಹೋಗಿರುತ್ತದೆ, ಅದರ ಹಿಂದೆಯೇ ಫೋನು. ಹೊಳೆ ಇಳಿಯುವ ತನಕ ಆಚೆ ಇರುವವನು ತನ್ನ ಬುದ್ಧಿಯಲ್ಲಿ ನಡೆಯಬೇಕು. ಇಲ್ಲವೇ ಹೊಳೆ ಏರುವ ಮೊದಲು ಯಾರಾದರೂ ಹೇಳಿಟ್ಟ ಮಾತಿನಂತೆ ನಡೆಯಬೇಕು.

ನಮ್ಮ ಅಪ್ಪಯ್ಯ ಹೊಳೆಯಾಚೆಯ ಒಂದು ತೋಟದಲ್ಲಿ ರೈಟರಾಗಿದ್ದರು. ಸಾಹುಕಾರರ ಮನೆ ಇದ್ದದ್ದು ಚಿಕ್ಕಮಗಳೂರಿನಲ್ಲಿ. ಮೇ ಕೊನೆಗೆ ಅವರು ಬಂದು, ಎರಡು ದಿನ ತೋಟ ಸುತ್ತಿ, ಮಳೆಗಾಲದ ಕೆಲಸ ಹೇಳಿ ಹೋಗುತ್ತಿದ್ದರು. ಅಪ್ಪಯ್ಯ ಅದನ್ನೆಲ್ಲ ಒಂದು ಉದ್ದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಎಡಪುಟದಲ್ಲಿ ಆಗಬೇಕಾದ ಕೆಲಸ. ಬಲಪುಟದ ತಲೆಗೆ ಒಂದೇ ಪದ, ‘ಆಗದಿದ್ದರೆ’. ಜುಲೈ ಕೊನೆಗೆ ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸುವುದು ಎಂದು ಎಡಕ್ಕಿದ್ದರೆ, ಬಲಕ್ಕೆ ಪ್ರಶ್ನೆಗಳ ಸಾಲು: ಮಳೆ ಬಿಟ್ಟು ಹೊಳವು ಬಾರದಿದ್ದರೆ? ಹತ್ತು ದಿನ ಮೊದಲೇ ಹೊಳವು ಬಂದರೆ? ಮೈಲುತುತ್ತ ಇದ್ದು ಸುಣ್ಣ ಹಾಳಾಗಿದ್ದರೆ? ಕೊನೆಗಾರ ಜ್ವರ ಬಂದು ಮಲಗಿದ್ದರೆ? ಒಂದೊಂದಕ್ಕೂ ಸಾಹುಕಾರರಿಂದ ಉತ್ತರ ಹೇಳಿಸಿ ಬರೆದುಕೊಳ್ಳುವ ತನಕ ಅಪ್ಪಯ್ಯ ಅವರನ್ನು ಎದ್ದು ಹೋಗಲು ಬಿಡುತ್ತಿರಲಿಲ್ಲ. “ಅದೆಲ್ಲ ಆದಾಗ ನೋಡಿದ್ರಾಯ್ತು ರೈಟ್ರೇ” ಎಂದು ಅವರು ಬೇಸರ ಪಟ್ಟದ್ದನ್ನು ನಾನೇ ಕೇಳಿದ್ದೇನೆ. “ಆದಾಗ ನೀವು ಆಚೆ ದಡದಲ್ಲಿರ್ತೀರಿ. ನಾನು ಕೇಳೋದು ಯಾರನ್ನ?” ಎಂದು ಅಪ್ಪಯ್ಯ ಪೆನ್ನು ಹಿಡಿದೇ ಕೂತಿರುತ್ತಿದ್ದರು.

ದೂರದ ನೌಕೆಯೊಳಗಿನ ಕಂಪ್ಯೂಟರು ಅಂದರೆ ಹೊಳೆಯಾಚೆಯ ರೈಟರು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟನ್ನೇ. ಅದು ಎಷ್ಟು ಚುರುಕು ಎಂಬುದು ಮುಖ್ಯವಲ್ಲ. ಅದರ ಬಲಪುಟದಲ್ಲಿ ಎಷ್ಟು ಬರೆದಿದೆ ಎಂಬುದು ಮುಖ್ಯ.

ನಡುವೆ ಇರುವ ಹೊಳೆ ಯಾವುದು? ದೂರವೇ ಆ ಹೊಳೆ. ರೇಡಿಯೋ ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನಂತೆ ಓಡುತ್ತದೆ. ಅದಕ್ಕಿಂತ ಬೇಗ ಓಡುವ ದೂತ ಪ್ರಕೃತಿಯಲ್ಲಿ ಇಲ್ಲ. ಹಾಗಿದ್ದೂ ಚಂದ್ರನಿಗೆ ಮಾತು ಮುಟ್ಟಲು 1.3 ಸೆಕೆಂಡು ಬೇಕು. ಮಂಗಳ ಗ್ರಹಕ್ಕೆ, ಅದು ಎಲ್ಲಿದೆ ಎಂಬುದರ ಮೇಲೆ, ಮೂರು ನಿಮಿಷದಿಂದ ಇಪ್ಪತ್ತೆರಡು ನಿಮಿಷ. ಮನುಷ್ಯ ಮಾಡಿದ ವಸ್ತುಗಳಲ್ಲಿ ಅತಿ ದೂರ ಹೋಗಿರುವ ವಾಯೇಜರ್ 1ಕ್ಕೆ 2024ರಲ್ಲಿ ಇಪ್ಪತ್ತೆರಡೂವರೆ ಗಂಟೆ. ಇವತ್ತು ಬೆಳಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಬರುವುದು ನಾಡಿದ್ದು ಬೆಳಗಿನ ಹೊತ್ತಿಗೆ.

ನಮ್ಮ ನಾಡಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ತಂಡದ ನಾಯಕರು ನಮ್ಮ ಘಟ್ಟದ ಕೆಳಗಿನ, ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್. ಇಂದು ಅವರ ಹೆಸರನ್ನೇ ಹೊತ್ತಿರುವ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ, ಮಂಗಳ ಗ್ರಹಕ್ಕೆ ಹೋದ ಮಂಗಳಯಾನ ನೌಕೆ ತಯಾರಾಯಿತು. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹೋಯಿತು. ಅದರೊಡನೆ ಮಾತಾಡುತ್ತಿದ್ದದ್ದು ಬೆಂಗಳೂರಿನಿಂದ ಮಾಗಡಿಯ ಕಡೆಗಿರುವ ಬ್ಯಾಲಾಳು ಗ್ರಾಮದ 32 ಮೀಟರು ಅಗಲದ ಆಂಟೆನಾ. ಸುತ್ತ ಗುಡ್ಡ, ನಡುವೆ ಬಟ್ಟಲಿನಂಥ ಜಾಗ. ಬೇರೆ ರೇಡಿಯೋ ಗದ್ದಲ ಒಳಗೆ ಬಾರದಿರಲೆಂದು ಅಂಥ ಜಾಗ ಹುಡುಕಿದ್ದು. ಆ ಆಂಟೆನಾ ಕಟ್ಟುವ ಕೆಲಸ ಮೈಸೂರಿನವರಾದ ಎಸ್. ಕೆ. ಶಿವಕುಮಾರ್ ಅವರ ಮುಂದಾಳತ್ವದಲ್ಲಿ ನಡೆಯಿತು.

2014ರ ಸೆಪ್ಟೆಂಬರ್ 24ರ ಬೆಳಗ್ಗೆ ನಿಮಗೂ ನೆನಪಿರಬಹುದು. ನೌಕೆ ಭೂಮಿಯಿಂದ ಸುಮಾರು 22 ಕೋಟಿ ಕಿಲೋಮೀಟರು ದೂರದಲ್ಲಿತ್ತು. ಮಂಗಳನ ಹತ್ತಿರ ಬಂದಾಗ ಅದು ವೇಗ ಇಳಿಸಬೇಕು. ಇಳಿಸದಿದ್ದರೆ ಗ್ರಹದ ಪಕ್ಕದಿಂದ ಹಾದು ಹೊರಟೇ ಹೋಗುತ್ತದೆ, ಎರಡನೇ ಅವಕಾಶವಿಲ್ಲ. ದೊಡ್ಡ ಎಂಜಿನ್ನನ್ನು ಸುಮಾರು 24 ನಿಮಿಷ ಉರಿಸುವುದು ಲೆಕ್ಕ. ಆ ದಿನ ಮಾತು ಮುಟ್ಟಲು ಹನ್ನೆರಡೂವರೆ ನಿಮಿಷ ಬೇಕಿತ್ತು. ಈ ಎರಡು ಅಂಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಂಜಿನ್ನು ಹೊತ್ತಿಕೊಳ್ಳಲಿಲ್ಲ ಎಂಬ ಸುದ್ದಿ ಬೆಂಗಳೂರಿಗೆ ಬರಲು ಹನ್ನೆರಡೂವರೆ ನಿಮಿಷ, ಹೀಗೆ ಮಾಡು ಎಂಬ ಆದೇಶ ವಾಪಸು ಹೋಗಲು ಇನ್ನೊಂದು ಹನ್ನೆರಡೂವರೆ. ಅಷ್ಟರಲ್ಲಿ ಉರಿಯಬೇಕಾದ ಹೊತ್ತು ಪೂರ್ತಿ ಮುಗಿದಿರುತ್ತದೆ. ಸಾಲದ್ದಕ್ಕೆ, ಉರಿ ಶುರುವಾದ ಸ್ವಲ್ಪ ಹೊತ್ತಿಗೆ ನೌಕೆ ಮಂಗಳನ ಹಿಂದೆ ಮರೆಯಾಗುವುದಿತ್ತು. ಪೂರಾ ಮುಳುಗಿದ ಸೇತುವೆ.

ಹಾಗಾಗಿ ಹತ್ತು ದಿನ ಮೊದಲೇ, ಸೆಪ್ಟೆಂಬರ್ 14 ಮತ್ತು 15ರಂದು, ಇಡೀ ಆದೇಶಮಾಲೆಯನ್ನು ನೌಕೆಗೆ ಕಳಿಸಿ ಅದರ ಸ್ಮೃತಿಯಲ್ಲಿ ಕೂರಿಸಿದರು. 22ರಂದು ಎಂಜಿನ್ನನ್ನು ನಾಲ್ಕು ಸೆಕೆಂಡಿನಷ್ಟು ಉರಿಸಿ ನೋಡಿದರು. 2013ರ ಡಿಸೆಂಬರ್ 1ರಂದು ಭೂಮಿ ಬಿಟ್ಟ ಮೇಲೆ ಆ ಎಂಜಿನ್ನು ಸುಮಾರು 300 ದಿನ ಮಲಗಿತ್ತು. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿದ್ದ ಪಂಪ್‌ಸೆಟ್ಟನ್ನು ಬೇಸಗೆಯಲ್ಲಿ ಮೊದಲ ಸಲ ಸ್ಟಾರ್ಟು ಮಾಡುವಾಗಿನ ಎದೆಬಡಿತ ಇಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಗೊತ್ತು. ದೊಡ್ಡ ಎಂಜಿನ್ನು ಏಳದಿದ್ದರೆ ಎಂಟು ಸಣ್ಣ ಎಂಜಿನ್ನುಗಳನ್ನು ಬಹಳ ಹೊತ್ತು ಉರಿಸಿ ಹೇಗಾದರೂ ಕಕ್ಷೆ ಹಿಡಿಯುವ ಇನ್ನೊಂದು ದಾರಿಯೂ ಸಿದ್ಧವಿತ್ತು. ಅದು ಬಲಪುಟದ ಬರಹ. ಈ ಸ್ವಾಯತ್ತ ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಲಖನೌದಿಂದ ಬಂದು ಬೆಂಗಳೂರಿನಲ್ಲಿ ದುಡಿದ ರಿತು ಕರಿಧಾಲ್ ಪ್ರಮುಖರು.

ಆ ಬೆಳಗ್ಗೆ 7 ಗಂಟೆ 17 ನಿಮಿಷಕ್ಕೆ ಎಂಜಿನ್ನು ಹೊತ್ತಿತು. ಹೊತ್ತಿತು ಎಂದು ನಮಗೆ ಗೊತ್ತಾದದ್ದು 7.30ಕ್ಕೆ. ಇಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಒಂದು ವಿಷಯವಿದೆ. ಮೊದಲೇ ಹಾಕಿದ್ದ ಲೆಕ್ಕ 24 ನಿಮಿಷ 14 ಸೆಕೆಂಡು. ಎಂಜಿನ್ನು ನಿಜಕ್ಕೂ ಉರಿದದ್ದು 1388.67 ಸೆಕೆಂಡು, ಅಂದರೆ 23 ನಿಮಿಷದ ಮೇಲೆ ಸ್ವಲ್ಪ. ಒಂದು ನಿಮಿಷಕ್ಕೂ ಹೆಚ್ಚು ಮೊದಲೇ ಕಂಪ್ಯೂಟರು ಅದನ್ನು ಆರಿಸಿತು, ಆರಿಸಿದ್ದು ಸರಿಯಾಗಿಯೇ ಇತ್ತು. ಯಾಕೆಂದರೆ ಅದಕ್ಕೆ ‘ಇಷ್ಟು ಹೊತ್ತು ಉರಿಸು’ ಎಂದು ಹೇಳಿರಲಿಲ್ಲ, ‘ಇಷ್ಟು ವೇಗ ಇಳಿಯುವ ತನಕ ಉರಿಸು’ ಎಂದು ಹೇಳಿದ್ದರು. ವೇಗ ಎಷ್ಟು ಬದಲಾಯಿತೆಂದು ಕ್ಷಣಕ್ಷಣವೂ ಅಳೆಯುವ ಉಪಕರಣ ಒಳಗಿತ್ತು. ಸೆಕೆಂಡಿಗೆ 1099 ಮೀಟರಿನಷ್ಟು ವೇಗ ಇಳಿಯಿತು, ಕಂಪ್ಯೂಟರು ಎಂಜಿನ್ನು ನಿಲ್ಲಿಸಿತು. ಕಾಫಿ ಹುರಿಯುವ ಹೆಂಗಸು ಗಡಿಯಾರ ನೋಡುವುದಿಲ್ಲ, ಬೀಜದ ಬಣ್ಣ ನೋಡುತ್ತಾಳೆ. ಒಲೆಯ ಉರಿ ಇವತ್ತು ಜೋರಿದ್ದರೆ ಬೇಗ ಇಳಿಸುತ್ತಾಳೆ. ಹೊತ್ತನ್ನು ನಂಬಿ ಕೊಟ್ಟ ಆದೇಶಕ್ಕೂ ಹದವನ್ನು ನಂಬಿ ಕೊಟ್ಟ ಆದೇಶಕ್ಕೂ ಇರುವ ಅಂತರ ಇದು. ಎಂಟು ಗಂಟೆ ಸುಮಾರಿಗೆ ಮಂಗಳನ ಮರೆಯಿಂದ ಹೊರಬಂದ ನೌಕೆಯ ಸಂದೇಶ ತಲುಪಿತು.

ಪತ್ರಿಕೆಗಳೆಲ್ಲ ಆ ದಿನವನ್ನು ಕೊಂಡಾಡಿದವು, ಕೊಂಡಾಡಬೇಕಾದದ್ದೇ. ಆದರೆ ನನ್ನನ್ನು ಕೇಳಿದರೆ ಮಂಗಳಯಾನದ ಕಂಪ್ಯೂಟರಿನ ದೊಡ್ಡ ದಿನ ಅದಲ್ಲ, 2013ರ ನವೆಂಬರ್ 11. ನೌಕೆ ಆಗಿನ್ನೂ ಭೂಮಿಯನ್ನು ಸುತ್ತುತ್ತ ಒಂದೊಂದೇ ಮೆಟ್ಟಿಲಿನಂತೆ ಮೇಲೇರುತ್ತಿತ್ತು. ನಾಲ್ಕನೇ ಮೆಟ್ಟಿಲಿನಲ್ಲಿ ಇಂಧನದ ಕವಾಟ ತೆರೆಯುವ ಎರಡು ಸುರುಳಿಗಳನ್ನು, ಮುಖ್ಯದ್ದನ್ನೂ ಬದಲಿಯದನ್ನೂ, ಒಟ್ಟಿಗೇ ಪರೀಕ್ಷಿಸಿದರು. ಎರಡಕ್ಕೂ ಒಮ್ಮೆಗೇ ವಿದ್ಯುತ್ತು ಹೋದಾಗ ಎಂಜಿನ್ನಿಗೆ ಇಂಧನ ಹರಿಯುವುದೇ ನಿಂತಿತು. ಆ ಕ್ಷಣ ಯಾರೂ ಯಾವ ಗುಂಡಿಯನ್ನೂ ಒತ್ತಲಿಲ್ಲ. ದೊಡ್ಡ ಎಂಜಿನ್ನಿನ ನೂಕುಬಲ ಕುಸಿದದ್ದನ್ನು ಕಂಡ ಒಳಗಿನ ಕ್ರಮವಿಧಿ ತಾನೇ ಸಣ್ಣ ಎಂಜಿನ್ನುಗಳನ್ನು ಕೆಲಸಕ್ಕೆ ಹಚ್ಚಿ ಆಗುವಷ್ಟನ್ನು ಮಾಡಿತು. ಸೆಕೆಂಡಿಗೆ 130 ಮೀಟರು ವೇಗ ಹೆಚ್ಚಬೇಕಿದ್ದಲ್ಲಿ 35 ಹೆಚ್ಚಿತು. ಕಕ್ಷೆಯ ತುದಿ 1 ಲಕ್ಷ ಕಿಲೋಮೀಟರು ಮುಟ್ಟುವ ಬದಲು 78,276ಕ್ಕೆ ನಿಂತಿತು. ಮಾರನೆಯ ದಿನ ಇನ್ನೊಮ್ಮೆ ಉರಿಸಿ ಅದನ್ನು 1,18,642ಕ್ಕೆ ಏರಿಸಿದರು. ಸೋಲು ಎಂದು ಕೆಲವರು ಬರೆದರು. ನಾನು ಆ ಸುದ್ದಿ ಓದಿದಾಗ ಅಪ್ಪಯ್ಯನ ಬಲಪುಟ ಕಣ್ಣ ಮುಂದೆ ಬಂತು. ಹೀಗೂ ಆದೀತು ಎಂದು ಯಾರೋ ಒಬ್ಬರು, ಯಾವುದೋ ಮಧ್ಯಾಹ್ನ, ಬೆಂಗಳೂರಿನ ಮೇಜೊಂದರ ಮುಂದೆ ಕೂತು ಮೊದಲೇ ಯೋಚಿಸಿ ಬರೆದಿಟ್ಟಿದ್ದರು.

ಈ ಕಂಪ್ಯೂಟರು ಬಹಳ ದೊಡ್ಡದಿರಬೇಕು ಎಂದು ಮಕ್ಕಳು ಅಂದುಕೊಂಡಿರುತ್ತೀರಿ. ಅಲ್ಲ. ಮಂಗಳನ ಮೇಲೆ 2012ರಿಂದ ಓಡಾಡುತ್ತಿರುವ ಅಮೆರಿಕದ ಕ್ಯೂರಿಯಾಸಿಟಿ ಗಾಡಿಯ ಕಂಪ್ಯೂಟರಿನ ವೇಗ 200 ಮೆಗಾಹರ್ಟ್ಸ್, ಮೆಮೊರಿ 256 ಮೆಗಾಬೈಟ್. ನಿಮ್ಮ ಅಪ್ಪನ ಜೇಬಿನಲ್ಲಿರುವ ಫೋನು ಅದಕ್ಕಿಂತ ಎಷ್ಟೋ ಪಾಲು ಚುರುಕು. ಆದರೆ ಆ ಫೋನನ್ನು ಅಲ್ಲಿಗೆ ಒಯ್ದರೆ ಬಾಳುವುದು ಕಷ್ಟ. ನಮ್ಮ ತಲೆಯ ಮೇಲೆ ಗಾಳಿಯ ದಪ್ಪ ಕಂಬಳಿ ಇದೆ, ಭೂಮಿಯ ಕಾಂತಕ್ಷೇತ್ರವಿದೆ. ಅದರ ಹೊರಗೆ ವಿಶ್ವಕಿರಣಗಳ ಮಳೆ, ಹೊಳವೇ ಇಲ್ಲದ ಮಳೆ. ಕಂಪ್ಯೂಟರಿನ ಸ್ಮೃತಿ ಅಂದರೆ ಕೋಟಿಗಟ್ಟಲೆ ಸಣ್ಣ ಗೂಡುಗಳು, ಒಂದೊಂದು ಗೂಡಿನಲ್ಲಿ ಚೂರೇ ಚೂರು ವಿದ್ಯುತ್ತು. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಒಂದು ಬಲವಾದ ಕಣ ಗೂಡನ್ನು ಹಾದು ಹೋದರೆ ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ. ‘ಎಡಕ್ಕೆ ತಿರುಗು’ ಎಂದು ಬರೆದದ್ದು ‘ಬಲಕ್ಕೆ ತಿರುಗು’ ಎಂದಾಗಬಹುದು. ಗೂಡು ಸಣ್ಣದಾದಷ್ಟೂ ಈ ಏಟಿಗೆ ಬೇಗ ಸಿಕ್ಕುತ್ತದೆ. ಹಾಗಾಗಿ ಹಳೆಯ, ಗಟ್ಟಿಮುಟ್ಟಾದ, ನಿಧಾನದ ಚಿಪ್ಪುಗಳನ್ನೇ ಆರಿಸಿ ಕಿರಣ ತಡೆಯುವಂತೆ ತಯಾರಿಸುತ್ತಾರೆ.

ಅದರ ಮೇಲೂ ನಂಬಿಕೆ ಇಲ್ಲ. ಕಾಫಿ ಚೀಲಗಳನ್ನು ಲಾರಿಗೆ ತುಂಬುವಾಗ ರೈಟರು ಎಣಿಸುತ್ತಾನೆ, ಮೇಸ್ತ್ರಿ ಎಣಿಸುತ್ತಾನೆ, ಲಾರಿಯವನೂ ಎಣಿಸುತ್ತಾನೆ. ಮೂವರಲ್ಲಿ ಇಬ್ಬರದ್ದು ಒಂದೇ ಲೆಕ್ಕವಾದರೆ ಮೂರನೆಯವನದ್ದು ತಪ್ಪು. ನೌಕೆಗಳಲ್ಲಿ ಹೀಗೆ ಮೂರು ಸಲ ಲೆಕ್ಕ ಹಾಕಿಸಿ ಬಹುಮತ ನೋಡುವ ಪದ್ಧತಿ ಇದೆ. ಪ್ರತಿ ಅಂಕೆಯ ಜೊತೆಗೂ ಕೆಲವು ಕಾವಲು ಅಂಕೆಗಳನ್ನು ಬರೆದಿಟ್ಟು, ಒಂದು ಗೂಡು ಕೆಟ್ಟರೆ ಯಾವುದು ಕೆಟ್ಟಿತೆಂದು ಹಿಡಿದು ತಿದ್ದುವ ಉಪಾಯವೂ ಇದೆ. ಕಂಪ್ಯೂಟರುಗಳನ್ನೇ ಜೋಡಿಯಾಗಿ ಇಡುತ್ತಾರೆ. 2013ರ ಫೆಬ್ರವರಿಯಲ್ಲಿ ಕ್ಯೂರಿಯಾಸಿಟಿಯ ಒಂದು ಕಂಪ್ಯೂಟರಿನ ಸ್ಮೃತಿ ಕೆಟ್ಟಾಗ ಕೆಲಸವನ್ನು ಎರಡನೆಯದಕ್ಕೆ ವಹಿಸಿದರು.

ಇನ್ನೊಂದು ಏರ್ಪಾಡಿಗೆ ವಾಚ್‌ಡಾಗ್ ಎಂದು ಹೆಸರು. ಡಿಸೆಂಬರಿನಲ್ಲಿ ಕಾಫಿ ಕಣ ಕಾಯುವವನು ರಾತ್ರಿ ಗಂಟೆಗೊಮ್ಮೆ ಕೂಗು ಹಾಕಬೇಕು. ಕೂಗು ಕೇಳಿದರೆ ಮನೆಯವರು ಮಗ್ಗಲು ಬದಲಿಸಿ ಮಲಗುತ್ತಾರೆ. ಕೂಗು ಕೇಳದಿದ್ದರೆ ಟಾರ್ಚು ಹಿಡಿದು ಏಳುತ್ತಾರೆ. ಹಾಗೆಯೇ ಕಂಪ್ಯೂಟರು ಇಷ್ಟಿಷ್ಟು ಹೊತ್ತಿಗೊಮ್ಮೆ ‘ಎಚ್ಚರವಿದ್ದೇನೆ’ ಎಂದು ಒಂದು ಪುಟ್ಟ ಗಡಿಯಾರಕ್ಕೆ ಹೇಳಬೇಕು. ಹೇಳದಿದ್ದರೆ ಆ ಗಡಿಯಾರ ಕಂಪ್ಯೂಟರನ್ನು ಆರಿಸಿ ಮತ್ತೆ ಎಬ್ಬಿಸುತ್ತದೆ. ಎದ್ದರೂ ದಿಕ್ಕು ತೋಚದಿದ್ದರೆ ನೌಕೆ ಸೇಫ್ ಮೋಡ್ ಎಂಬ ಸ್ಥಿತಿಗೆ ಹೋಗುತ್ತದೆ. ಕಾಡಿನಲ್ಲಿ ದಾರಿ ತಪ್ಪಿದರೆ ಅಲೆಯಬೇಡ, ಇದ್ದಲ್ಲೇ ಕೂರು, ಬೆಂಕಿ ಹಾಕು, ಕೂಗಿಗೆ ಕಿವಿ ಕೊಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದೇ ಇದು. ಬೇರೆ ಕೆಲಸವೆಲ್ಲ ನಿಲ್ಲಿಸು, ಸೌರಫಲಕವನ್ನು ಸೂರ್ಯನಿಗೆ ತಿರುಗಿಸು, ಆಂಟೆನಾವನ್ನು ಭೂಮಿಗೆ ತಿರುಗಿಸು, ಕಾಯು.

2015ರ ಜೂನ್‌ನಲ್ಲಿ, ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಸರಿಯಾಗಿ, ಭೂಮಿಗೂ ಮಂಗಳನಿಗೂ ನಡುವೆ ಸೂರ್ಯನೇ ಬಂದು ನಿಂತ. ಆ ದಿನಗಳಲ್ಲಿ ಮಂಗಳಯಾನಕ್ಕೆ ನಮ್ಮ ಮಾತಿಲ್ಲ. ಅಷ್ಟು ದಿನ ಅದು ತಾನೇ ತನ್ನನ್ನು ನೋಡಿಕೊಂಡಿತು.

ಈಗ ವಾಯೇಜರ್. ಇದರ ಬಗ್ಗೆ ಮಾತಾಡುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. 1977ರ ಸೆಪ್ಟೆಂಬರ್ 5ರಂದು ಹೊರಟ ನೌಕೆ. ಅದರ ಕಂಪ್ಯೂಟರುಗಳ ಸ್ಮೃತಿಯೆಲ್ಲ ಸೇರಿದರೂ ಸುಮಾರು 70 ಕಿಲೋಬೈಟು. ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದಿಲ್ಲ. 2023ರ ನವೆಂಬರಿನಲ್ಲಿ ಅದರಿಂದ ಬರುವ ಮಾಹಿತಿ ಅರ್ಥವಿಲ್ಲದ್ದಾಯಿತು. ಅಲೆ ಬರುತ್ತಿದೆ, ಆದರೆ ಒಂದೇ ತೊದಲು ಮತ್ತೆ ಮತ್ತೆ. ಅದನ್ನು ಕಟ್ಟಿದವರಲ್ಲಿ ಹಲವರು ಇಂದು ಇಲ್ಲ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು ದಶಕಗಳ ಹಿಂದಿನ ಕಾಗದಗಳನ್ನು ಮತ್ತೆ ಬಿಚ್ಚಿ ಕೂತರು. 2024ರ ಮಾರ್ಚಿನಲ್ಲಿ, ಸ್ಮೃತಿಯ ಬೇರೆ ಬೇರೆ ಭಾಗಗಳನ್ನು ಓದಿ ನೋಡು ಎಂಬ ಸಣ್ಣ ಸೂಚನೆಯೊಂದನ್ನು ಕಳಿಸಿದರು. ತೊದಲಿನ ನಡುವೆ ಒಂದು ಕಡೆ ಬೇರೆ ಬಗೆಯ ಸಾಲು ಕಂಡಿತು. ಬಿಡಿಸಿ ನೋಡಿದರೆ ಅದು ಆ ಕಂಪ್ಯೂಟರಿನ ಇಡೀ ಸ್ಮೃತಿಯ ಪ್ರತಿ. ಒಂದು ಚಿಪ್ಪು ಸತ್ತು ಶೇಕಡಾ 3ರಷ್ಟು ಸ್ಮೃತಿ ಹಾಳಾಗಿದೆ ಎಂದು ಗೊತ್ತಾಯಿತು.

2,400 ಕೋಟಿ ಕಿಲೋಮೀಟರು ದೂರ ಹೋಗಿ ಚಿಪ್ಪು ಬದಲಿಸಲು ಆಗುವುದಿಲ್ಲ. ಗೋದಾಮಿನ ಒಂದು ಮೂಲೆ ಸೋರತೊಡಗಿದರೆ ನಾವು ಏನು ಮಾಡುತ್ತೇವೆ? ಅಲ್ಲಿದ್ದ ಚೀಲಗಳನ್ನು ಒಣ ಜಾಗ ಇದ್ದಲ್ಲೆಲ್ಲ ಸರಿಸುತ್ತೇವೆ. ಅಟ್ಟದ ಮೇಲೆ ಎರಡು, ಜಗಲಿಯಲ್ಲಿ ನಾಲ್ಕು. ಯಾವುದು ಎಲ್ಲಿದೆ ಎಂದು ಪುಸ್ತಕದಲ್ಲಿ ತಿದ್ದಿ ಬರೆಯುತ್ತೇವೆ. ಅವರು ಮಾಡಿದ್ದೂ ಅದೇ. ಕೆಟ್ಟ ಮೂಲೆಯಲ್ಲಿದ್ದ ಕ್ರಮವಿಧಿ ಪೂರ್ತಿಯಾಗಿ ಹಿಡಿಯುವಷ್ಟು ಖಾಲಿ ಜಾಗ ಬೇರೆಲ್ಲೂ ಇರಲಿಲ್ಲ. ಅದನ್ನು ತುಂಡು ಮಾಡಿ ಸಿಕ್ಕ ಸಿಕ್ಕ ಎಡೆಗಳಲ್ಲಿ ಇಟ್ಟು, ಒಂದು ತುಂಡು ಇನ್ನೊಂದನ್ನು ಹುಡುಕಿಕೊಳ್ಳುವಂತೆ ವಿಳಾಸಗಳನ್ನೆಲ್ಲ ತಿದ್ದಿದರು. ಏಪ್ರಿಲ್ 18ರಂದು ಮೊದಲ ತಿದ್ದುಪಡಿ ಹೋಯಿತು. ಏಪ್ರಿಲ್ 20ರಂದು ಉತ್ತರ ಬಂತು. ಐದು ತಿಂಗಳ ನಂತರ ನೌಕೆ ತನ್ನ ಆರೋಗ್ಯದ ವರದಿಯನ್ನು ತಿಳಿಯುವ ಭಾಷೆಯಲ್ಲಿ ಹೇಳಿತು.

ಬಲಪುಟ ತಪ್ಪಾಗಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳದಿದ್ದರೆ ಈ ಮಾತು ಪೂರ್ತಿಯಾಗದು. 2019ರ ಸೆಪ್ಟೆಂಬರ್ 7ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ ಚಂದ್ರಯಾನ 2ರ ಇಳಿಯುವ ನೌಕೆ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿತು. ಯಾಕೆಂದು ಮುಂದೆ ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಬಿಡಿಸಿ ಹೇಳಿದರು. ಐದು ಎಂಜಿನ್ನುಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕಿದವು. ಸ್ವಲ್ಪ ಹೊತ್ತು ಅಲುಗಾಡದೆ ಇದ್ದು ಚಿತ್ರ ತೆಗೆಯಬೇಕೆಂದು ಆದೇಶವಿದ್ದುದರಿಂದ ಆ ತಪ್ಪು ತಿದ್ದದೆ ಗುಡ್ಡೆಯಾಯಿತು. ತಿದ್ದಲು ಹೊರಟಾಗ ಬಹಳ ಬೇಗ ತಿರುಗಬೇಕಾಯಿತು. ಅಷ್ಟು ಬೇಗ ತಿರುಗಬೇಡ ಎಂಬ ಮಿತಿಯನ್ನೂ ನಾವೇ ಹಾಕಿದ್ದೆವು. ಇಳಿಯಲು ಕೊಟ್ಟದ್ದು 500 ಮೀಟರು ಉದ್ದ, 500 ಮೀಟರು ಅಗಲದ ಜಾಗ. ಅಲ್ಲೇ ಇಳಿಯಬೇಕೆಂದು ನೌಕೆ ಹೆಣಗಿತು. ಕಂಪ್ಯೂಟರು ಒಂದೇ ಒಂದು ಮಾತನ್ನೂ ಮೀರಲಿಲ್ಲ. ಹೇಳಿದ್ದನ್ನೆಲ್ಲ ಪಾಲಿಸುತ್ತಲೇ ಬಿತ್ತು. ಇದು ನನಗೆ ಬಹಳ ನೋವು ಕೊಟ್ಟ ಸಂಗತಿ.

ಮುಂದಿನ ನಾಲ್ಕು ವರ್ಷ ಇಸ್ರೋದವರು ಕೂತು ಬರೆದದ್ದು ಬಲಪುಟವನ್ನೇ. ಎಂಜಿನ್ನು ನಿಂತರೆ, ಒಂದು ಉಪಕರಣ ಸುಳ್ಳು ಹೇಳಿದರೆ, ವೇಗದ ಲೆಕ್ಕ ತಪ್ಪಿದರೆ, ದಾರಿ ಬಿಟ್ಟು ದೂರ ಹೋದರೆ ಎಂದು ಒಂದೊಂದನ್ನೇ ಕೇಳಿಕೊಂಡರು. ಇಳಿಯುವ ಜಾಗವನ್ನು 4 ಕಿಲೋಮೀಟರು ಉದ್ದ, 2.4 ಕಿಲೋಮೀಟರು ಅಗಲಕ್ಕೆ ಹಿಗ್ಗಿಸಿದರು. ಬೇಗ ತಿರುಗಲು ಬಿಟ್ಟರು. ನೆಲಕ್ಕೆ ಲೇಸರ್ ಬಿಟ್ಟು ವೇಗ ಅಳೆಯುವ ಹೊಸ ಉಪಕರಣ ಕೂರಿಸಿದರು. 2023ರ ಆಗಸ್ಟ್ 23ರ ಸಂಜೆ 5.44ಕ್ಕೆ, ಚಂದ್ರನ ಮೇಲೆ 30 ಕಿಲೋಮೀಟರು ಎತ್ತರದಲ್ಲಿ, ಸೆಕೆಂಡಿಗೆ 1.68 ಕಿಲೋಮೀಟರು ವೇಗದಲ್ಲಿದ್ದ ಹೊಸ ನೌಕೆಗೆ ಪೂರ್ತಿ ಅಧಿಕಾರ ಕೊಟ್ಟರು. ಚಂದ್ರ ಹತ್ತಿರ, ಹೋಗಿ ಬರಲು ಮಾತಿಗೆ ಬರೀ 2.6 ಸೆಕೆಂಡು, ಅಷ್ಟಕ್ಕೂ ಯಾಕೆ ಹೆದರಬೇಕು ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದ. ಆ ವೇಗದಲ್ಲಿ 2.6 ಸೆಕೆಂಡಿಗೆ ನೌಕೆ ನಾಲ್ಕು ಕಿಲೋಮೀಟರು ದಾಟಿರುತ್ತದೆ, ಮಗೂ. ನೆಲದಿಂದ 150 ಮೀಟರು ಮೇಲೆ ಅದು ನಿಂತು, ಕೆಳಗೆ ಕಲ್ಲು ಗುಂಡಿ ಇದೆಯೇ ಎಂದು ತಾನೇ ನೋಡಿ, 6 ಗಂಟೆ 4 ನಿಮಿಷಕ್ಕೆ ಇಳಿಯಿತು. ಬೆಂಗಳೂರಿನ ಕೋಣೆಯಲ್ಲಿ ಕೂತವರೂ ನಮ್ಮ ಹಾಗೆಯೇ ಪರದೆ ನೋಡುತ್ತಿದ್ದರು.

ಮತ್ತೆ ಮಂಗಳಯಾನಕ್ಕೆ ಬಂದರೆ, ಅದನ್ನು ಆರು ತಿಂಗಳಿಗೆಂದು ಕಟ್ಟಿದ್ದು. ಅದು ಎಂಟು ವರ್ಷ ಹತ್ತಿರ ಬಾಳಿತು. 2022ರ ಏಪ್ರಿಲ್‌ನಲ್ಲಿ ದೀರ್ಘವಾದ ಗ್ರಹಣವೊಂದರ ನಂತರ ಅದರ ಸಂಪರ್ಕ ಕಡಿದುಹೋಯಿತು.

ಅಪ್ಪಯ್ಯನ ಒಂದು ಪುಸ್ತಕ ನನ್ನ ಹತ್ತಿರ ಉಳಿದಿದೆ. ಹೊಳೆ ಇಳಿದ ದಿನದ ಪುಟಗಳು ಅದರಲ್ಲಿ ಒಂದೇ ರೀತಿ ಇವೆ. ಬಿದ್ದ ಮಳೆ ಎಷ್ಟು ಇಂಚು, ಬಂದ ಆಳು ಎಷ್ಟು, ಮುರಿದ ಮರ ಎಷ್ಟು. ಕಡೆಗೆ, ಎಡಪುಟದ ಯಾವ ಕೆಲಸವನ್ನು ಬಲಪುಟದ ಯಾವ ಉತ್ತರದ ಪ್ರಕಾರ ಮಾಡಿದೆ ಎಂಬ ಪಟ್ಟಿ. ದಾರಿ ಬಿಟ್ಟ ಕೂಡಲೇ ಅದರ ನಕಲು ಚಿಕ್ಕಮಗಳೂರಿಗೆ ಹೋಗುತ್ತಿತ್ತು. ಇವತ್ತು ಆ ಪುಸ್ತಕ ತಂದಿದ್ದೇನೆ, ಅಧ್ಯಕ್ಷರ ಮುಂದಿನ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮೊದಲು ಮಕ್ಕಳು ಬಂದು ನೋಡಬಹುದು. ಮಳೆಗಾಲದ ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ, ನಿಧಾನ ಬಿಡಿಸಿ.